ಫಾರ್ವರ್ಡ್ ಮಾಡುವ ಬೆರಳು ಬರೆಯಲು ಕಲಿಯಲಿ

ಟಿಪ್ಪು ಸುಲ್ತಾನರ ಹೆಸರಿನಲ್ಲಿ ನಮ್ಮ ಯುವಕರ ಮೊಬೈಲುಗಳಿಗೆ ಬಂದು ಬೀಳುವ ಸಂದೇಶಗಳಿಗೆ ಲೆಕ್ಕವಿಲ್ಲ. ಒಬ್ಬರು ಅವರನ್ನು ಆಕಾಶಕ್ಕೇರಿಸುತ್ತಾರೆ, ಇನ್ನೊಬ್ಬರು ಪಾತಾಳಕ್ಕೆ ತಳ್ಳುತ್ತಾರೆ. ಓದಿದವನು ಒಂದು ಕ್ಷಣವೂ ಯೋಚಿಸದೆ ಅದನ್ನು ಇನ್ನು ಹತ್ತು ಗುಂಪುಗಳಿಗೆ ದಾಟಿಸುತ್ತಾನೆ. ಆದರೆ 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದದ ಕೋಟೆಯನ್ನು ಮುತ್ತಿತ್ತು, ಮರಾಠರೊಡನೆ ನಡೆದ ಆ ಯುದ್ಧ 1787ರಲ್ಲಿ ಒಂದು ಒಪ್ಪಂದದೊಂದಿಗೆ ಮುಗಿಯಿತು, ಇತಿಹಾಸ ಅದನ್ನು ‘ಗಜೇಂದ್ರಗಡದ ಒಪ್ಪಂದ’ ಎಂದೇ ಕರೆಯುತ್ತದೆ, ಆ ಒಪ್ಪಂದದಂತೆ ಬಾದಾಮಿ, ಕಿತ್ತೂರು ಮತ್ತು ನರಗುಂದಗಳು ಮರಾಠರಿಗೆ ಹೋದವು, ಟಿಪ್ಪು ಕಪ್ಪಕಾಣಿಕೆ ಸಲ್ಲಿಸಲು ಒಪ್ಪಿದರು ಎಂಬ ಸಂಗತಿ ಆ ನೂರಾರು ಸಂದೇಶಗಳಲ್ಲಿ ಒಂದರಲ್ಲಾದರೂ ಇರುತ್ತದೆಯೇ? ರೋಣ, ನರಗುಂದ, ಗಜೇಂದ್ರಗಡಗಳ ಪದವಿ ಕಾಲೇಜಿನಲ್ಲಿ ಇತಿಹಾಸ ಓದುತ್ತಿರುವ ನಮ್ಮ ಮಗ ಅಥವಾ ಮಗಳು ತಮ್ಮದೇ ಊರಿನ ಈ ಸಂಗತಿಯನ್ನು ನಾಲ್ಕು ಸಾಲುಗಳಲ್ಲಿ, ಸ್ವಂತ ಮಾತಿನಲ್ಲಿ ಬರೆಯಬಲ್ಲರೇ?

ಈ ಪ್ರಶ್ನೆಯನ್ನು ನಾವು ಎತ್ತುತ್ತಿರುವುದು ಇತಿಹಾಸದ ಚರ್ಚೆಗಾಗಿ ಅಲ್ಲ. ನಮ್ಮ ಕಾಲೇಜು ವಿದ್ಯಾರ್ಥಿಗಳು ದಿನದ ಬಹುಪಾಲು ಎರಡು-ಮೂರು ಸಾಲಿನ ಬರಹಗಳ ಲೋಕದಲ್ಲಿಯೇ ಬದುಕುತ್ತಿದ್ದಾರೆ. ಆ ಲೋಕವನ್ನು ಬೈಯುವುದರಲ್ಲಿ ಹಿರಿಯರಾದ ನಾವು ಸಾಕಷ್ಟು ಕಾಲ ಕಳೆದಿದ್ದೇವೆ. ಅದೇ ಎರಡು ಸಾಲುಗಳನ್ನು ಕಲಿಕೆಯ ಕೆಲಸಕ್ಕೆ ಹಚ್ಚಲು ಸಾಧ್ಯವೇ ಎಂದು ಕೇಳಿಕೊಂಡವರು ಕಡಿಮೆ. ಈ ಪ್ರಶ್ನೆಗೆ ಜಗತ್ತಿನ ಕೆಲವು ವಿಶ್ವವಿದ್ಯಾಲಯಗಳು ಉತ್ತರ ಹುಡುಕಿವೆ. ಆ ಉತ್ತರ ನಮ್ಮ ಸಣ್ಣ ಊರುಗಳಿಗೂ ಬೇಕಾದದ್ದು ಎಂಬುದು ನಮ್ಮ ಅಭಿಪ್ರಾಯ.

ಕಿರುಬರಹದ ಈ ಪದ್ಧತಿಯನ್ನು ಮೈಕ್ರೋಬ್ಲಾಗಿಂಗ್ ಎನ್ನುತ್ತಾರೆ. 2006ರಲ್ಲಿ ಅಮೆರಿಕದಲ್ಲಿ ಆರಂಭವಾದ ಟ್ವಿಟರ್ ಒಂದು ಬರಹಕ್ಕೆ 140 ಅಕ್ಷರಗಳ ಮಿತಿ ಹಾಕಿತು. 2017ರಲ್ಲಿ ಆ ಮಿತಿ 280ಕ್ಕೆ ಏರಿತು. 2022ರಲ್ಲಿ ಅದರ ಒಡೆತನ ಬದಲಾಯಿತು, 2023ರಲ್ಲಿ ಹೆಸರು ಕೂಡ ‘ಎಕ್ಸ್’ ಎಂದಾಯಿತು. ಕನ್ನಡಿಗರ ಮಟ್ಟಿಗೆ ಇನ್ನೊಂದು ಹೆಸರನ್ನು ನೆನೆಯಬೇಕು. ಬೆಂಗಳೂರಿನಲ್ಲಿ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದಾವತ್ಕಾ ಕಟ್ಟಿದ ‘ಕೂ’ ಎಂಬ ವೇದಿಕೆ ಮೊದಲು ಬಂದದ್ದು ಕನ್ನಡದಲ್ಲಿ. ಹಿಂದಿ, ತಮಿಳು, ತೆಲುಗುಗಳು ಅನಂತರ ಸೇರಿದವು. ಇಂಗ್ಲಿಷ್ ಬಾರದವನೂ ತನ್ನ ನುಡಿಯಲ್ಲಿ ಎರಡು ಮಾತು ಬರೆಯಲಿ ಎಂಬ ಆ ಪ್ರಯತ್ನ 2024ರ ಜುಲೈಯಲ್ಲಿ ಬಾಗಿಲು ಹಾಕಿತು. ಇಂದು ನಮ್ಮ ಊರುಗಳಲ್ಲಿ ಕಿರುಬರಹದ ಕೆಲಸವನ್ನು ಹೆಚ್ಚಾಗಿ ಮಾಡುತ್ತಿರುವುದು ವಾಟ್ಸಾಪ್ ಸ್ಟೇಟಸ್, ಗುಂಪುಗಳು ಮತ್ತು ಚಾನೆಲ್‌ಗಳು. ವೇದಿಕೆ ಯಾವುದೇ ಇರಲಿ, ಗುಣ ಒಂದೇ: ಬರಹ ಚಿಕ್ಕದು, ಓಟ ವೇಗದ್ದು, ಓದುಗರು ಅನೇಕರು.

ಇದು ಪಾಠಕ್ಕೆ ಒದಗುತ್ತದೆಯೇ? ಅಮೆರಿಕದ ಸಂಶೋಧಕ ರೇನಾಲ್ ಜುಂಕೊ ಮತ್ತು ಅವರ ಸಂಗಡಿಗರು ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ಪದವಿಯ ಮೊದಲ ವರ್ಷದ 125 ವಿದ್ಯಾರ್ಥಿಗಳಲ್ಲಿ 70 ಮಂದಿಯನ್ನು ಒಂದು ಸೆಮಿಸ್ಟರ್ ಕಾಲ ಟ್ವಿಟರ್ ಮೂಲಕ ಪಾಠದ ಚರ್ಚೆಗೆ ತೊಡಗಿಸಲಾಯಿತು, ಉಳಿದ 55 ಮಂದಿ ಅದಿಲ್ಲದೆ ಓದಿದರು. ತರಗತಿಯಲ್ಲಿ ಅರ್ಧಕ್ಕೆ ನಿಂತ ಚರ್ಚೆ ಸಂಜೆ ಮುಂದುವರಿಯಿತು, ಅನುಮಾನ ಬಂದವರು ಕೇಳಿದರು, ಶಿಕ್ಷಕರು ಉತ್ತರಿಸಿದರು. ಸೆಮಿಸ್ಟರ್ ಮುಗಿದಾಗ ನಾಲ್ಕು ಅಂಕಗಳ ಶ್ರೇಣಿಯಲ್ಲಿ ಮೊದಲ ಗುಂಪಿನ ಸರಾಸರಿ 2.79, ಎರಡನೆಯ ಗುಂಪಿನದು 2.28. ಓದಿನಲ್ಲಿ ತೊಡಗುವಿಕೆಯೂ ಮೊದಲ ಗುಂಪಿನಲ್ಲಿ ಹೆಚ್ಚಾಗಿತ್ತು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅದು ಅರ್ಧ ಸತ್ಯವಾಗುತ್ತದೆ. ಇಟಲಿಯಲ್ಲಿ ಸುಮಾರು 70 ಪ್ರೌಢಶಾಲೆಗಳ 1,500ರಷ್ಟು ವಿದ್ಯಾರ್ಥಿಗಳ ಮೇಲೆ ನಡೆದ ಮತ್ತೊಂದು ಅಧ್ಯಯನದ ಫಲಿತಾಂಶ 2019ರಲ್ಲಿ ಹೊರಬಂತು. ಅಲ್ಲಿ ಪಿರಾಂಡೆಲೊ ಎಂಬ ಲೇಖಕರ ಕಾದಂಬರಿಯೊಂದನ್ನು ಅರ್ಧದಷ್ಟು ವಿದ್ಯಾರ್ಥಿಗಳು ಟ್ವಿಟರ್ ಸಹಾಯದಿಂದಲೂ ಉಳಿದವರು ಎಂದಿನಂತೆ ತರಗತಿಯಲ್ಲಿಯೂ ಓದಿದರು. ಟ್ವಿಟರ್ ಬಳಸಿದವರ ಅಂಕಗಳು ಕುಸಿದವು. ಅದರಲ್ಲಿಯೂ ಚೆನ್ನಾಗಿ ಓದುತ್ತಿದ್ದವರಿಗೇ ಹೆಚ್ಚು ನಷ್ಟವಾಯಿತು.

ಒಂದೇ ಬಗೆಯ ಉಪಕರಣ, ಎರಡು ವಿರುದ್ಧ ಫಲ. ಕಾರಣವೇನು? ಜುಂಕೊ ಅವರೇ 2013ರಲ್ಲಿ ಪ್ರಕಟಿಸಿದ ಮುಂದಿನ ಅಧ್ಯಯನ ಇದಕ್ಕೆ ಸುಳಿವು ಕೊಡುತ್ತದೆ. ಬರೆಯುವುದನ್ನು ಪಾಠದ ಅಂಗವಾಗಿಸಿ, ಶಿಕ್ಷಕರೂ ವಿದ್ಯಾರ್ಥಿಗಳ ಜೊತೆ ಸೇರಿ ಓದಿ ಉತ್ತರಿಸಿದ ಕಡೆ ಪ್ರಯೋಜನ ಕಂಡಿತು. ಬೇಕಾದವರು ಬರೆಯಿರಿ ಎಂದು ಬಿಟ್ಟು ಶಿಕ್ಷಕರು ದೂರ ಉಳಿದ ಕಡೆ ಪ್ರಯೋಜನ ಕಾಣಲಿಲ್ಲ. ಅಂದರೆ ಕಲಿಸುವ ಶಕ್ತಿ ಮೊಬೈಲಿನೊಳಗೆ ಇಲ್ಲ. ಕೇಳುವ ಗುರು, ಸ್ವಂತ ಮಾತಿನಲ್ಲಿ ಬರೆಯುವ ಶಿಷ್ಯ, ಬರೆದದ್ದನ್ನು ಮತ್ತೆ ಓದುವ ಗುರು, ಈ ಸರಪಳಿಯಲ್ಲಿ ಅದಿದೆ. ಸರಪಳಿ ಇದ್ದರೆ ಎರಡು ಸಾಲು ಸಾಕು. ಅದಿಲ್ಲದಿದ್ದರೆ ಎರಡು ಸಾಲು ಪುಸ್ತಕವನ್ನೇ ನುಂಗಿಬಿಡುತ್ತದೆ.

ಈ ಮಾತು ಮದ್ರಸಾಗಳ ಅಂಗಳದಲ್ಲಿ ಬೆಳೆದವರಿಗೆ ಹೊಸದೇನಲ್ಲ. ಅರಬಿ ಮದ್ರಸಾಗಳಲ್ಲಿ ಉಸ್ತಾದರ ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳು ಸಣ್ಣ ಸಣ್ಣ ಗುಂಪುಗಳಲ್ಲಿ ಕುಳಿತು ಅದೇ ಪಾಠವನ್ನು ಒಬ್ಬರಿಗೊಬ್ಬರು ತಿರುಗಿ ಹೇಳುತ್ತಾರೆ. ಇದನ್ನು ‘ತಕ್ರಾರ್’ ಎನ್ನುತ್ತಾರೆ, ಪುನರಾವರ್ತನೆ ಎಂದು ಅದರ ಅರ್ಥ. ಇದೇ ಪದ ಕನ್ನಡಕ್ಕೆ ಬಂದು ‘ತಕರಾರು’ ಆಯಿತು, ಆಕ್ಷೇಪ ಮತ್ತು ಜಗಳದ ಅರ್ಥ ಪಡೆಯಿತು. ಇಂದಿನ ಸಾಮಾಜಿಕ ಜಾಲತಾಣದಲ್ಲಿ ನಮ್ಮ ಯುವಕರು ನಡೆಸುತ್ತಿರುವುದು ಈ ಎರಡನೆಯ ಅರ್ಥದ ತಕರಾರು. ಅದನ್ನು ಮೊದಲ ಅರ್ಥಕ್ಕೆ ಮರಳಿಸುವುದೇ ನಮ್ಮ ಮುಂದಿರುವ ಕೆಲಸ.

ಚಿಕ್ಕದಾಗಿ ಬರೆಯುವುದನ್ನು ಕೀಳೆಂದು ಕಾಣಲು ಕೂಡ ಕಾರಣವಿಲ್ಲ. ನಮ್ಮ ಪೂರ್ವಿಕರು ಒಂದು ವಿದ್ಯೆಯ ತಿರುಳನ್ನು ಕಿರು ಗ್ರಂಥದಲ್ಲಿ ಅಡಕಗೊಳಿಸಿ ಅದನ್ನು ‘ಮತನ್’ ಎಂದರು. ವಿದ್ಯಾರ್ಥಿ ಮೊದಲು ಅದನ್ನು ಬಾಯಿಪಾಠ ಮಾಡುತ್ತಿದ್ದ, ಅನಂತರ ‘ಶರಹ್’ ಎಂಬ ವಿಸ್ತಾರವಾದ ವ್ಯಾಖ್ಯಾನಕ್ಕೆ ಹೋಗುತ್ತಿದ್ದ. ಮತನ್ ದ್ವಾರವಾಗಿತ್ತು, ಮನೆಯಾಗಿರಲಿಲ್ಲ. ಕನ್ನಡ ನಾಡಿನ ವಚನವೂ ಸರ್ವಜ್ಞನ ತ್ರಿಪದಿಯೂ ಕೆಲವೇ ಸಾಲುಗಳಲ್ಲಿ ಬದುಕಿನ ಸಾರ ಹೇಳಿದ ರೂಪಗಳು. ಕಿರಿದರಲ್ಲಿ ಹಿರಿದನ್ನು ಹೇಳಲು ಹೊರಟವನಿಗೆ ಮೊದಲು ಆ ಹಿರಿದು ತಿಳಿದಿರಬೇಕು. ಐವತ್ತು ಪದಗಳಲ್ಲಿ ಗಜೇಂದ್ರಗಡದ ಒಪ್ಪಂದವನ್ನು ವಿವರಿಸು ಎಂದರೆ ವಿದ್ಯಾರ್ಥಿ ಐದು ಪುಟ ಓದಲೇಬೇಕಾಗುತ್ತದೆ. ಇಟಲಿಯ ಪ್ರಯೋಗದಿಂದ ನಾವು ಕಲಿಯಬೇಕಾದ ಪಾಠವೂ ಇದೇ: ಐದು ಪುಟದ ಬದಲಿಗೆ ಐವತ್ತು ಪದ ಬರಕೂಡದು, ಐದು ಪುಟದ ಕೊನೆಯಲ್ಲಿ ಐವತ್ತು ಪದ ಬರಬೇಕು.

ಹದೀಸ್ ವಿದ್ವಾಂಸರು ನಮಗೆ ಬಿಟ್ಟುಹೋದ ಇನ್ನೊಂದು ಆಸ್ತಿ ಸನದ್. ಒಂದು ಮಾತು ಪ್ರವಾದಿವರ್ಯರದ್ದು(ಸ) ಎಂದು ಹೇಳುವ ಮುನ್ನ ಅದನ್ನು ಯಾರಿಂದ ಕೇಳಿದೆ, ಅವರು ಯಾರಿಂದ ಕೇಳಿದರು, ಆ ನಡುವಿನವರು ನಂಬಿಕೆಗೆ ಅರ್ಹರೇ ಎಂದು ಅವರು ಶೋಧಿಸಿದರು. ಸುದ್ದಿ ತಂದವನ ಮಾತನ್ನು ಪರಿಶೀಲಿಸಿ ನೋಡಬೇಕೆಂದು ಪವಿತ್ರ ಕುರ್‌ಆನ್ ‘ಅಲ್ ಹುಜುರಾತ್’ ಅಧ್ಯಾಯದಲ್ಲಿ ವಿಶ್ವಾಸಿಗಳಿಗೆ ಆಜ್ಞಾಪಿಸಿದೆ. ಇಂತಹ ಪರಂಪರೆಯ ವಾರಸುದಾರರು ಮೂಲವೇ ಇಲ್ಲದ ಸಂದೇಶವನ್ನು ಹೆಬ್ಬೆರಳಿನ ಒಂದು ಒತ್ತಿನಿಂದ ಊರಿಗೆಲ್ಲ ಹಂಚುತ್ತಿದ್ದಾರೆ. ಇದಕ್ಕಿಂತ ದೊಡ್ಡ ವಿಪರ್ಯಾಸ ಬೇಕೇ?

ಅದರ ಬೆಲೆಯನ್ನು ನಾವು ತೆತ್ತೂ ಇದ್ದೇವೆ. 2023ರ ಜೂನ್‌ನಲ್ಲಿ ನೆರೆಯ ಕೊಲ್ಹಾಪುರದಲ್ಲಿ ಗಲಭೆ ಎದ್ದದ್ದು ಟಿಪ್ಪುವಿನ ಚಿತ್ರ ಬಳಸಿ ಕೆಲವರು ಹಾಕಿದ ಮೊಬೈಲ್ ಸ್ಟೇಟಸ್‌ನ ನೆಪದಿಂದ. ಹಾಕಿದವರಿಗೆ ಅದು ಅರೆ ನಿಮಿಷದ ಉತ್ಸಾಹ. ಬೀದಿಯಲ್ಲಿ ಕಲ್ಲು ಹಿಡಿದು ನಿಂತವರಿಗೆ ಅದು ಸಿಕ್ಕ ನೆಪ. ನಷ್ಟವಾದದ್ದು ಅಂಗಡಿ ಇಟ್ಟುಕೊಂಡು ಬದುಕುತ್ತಿದ್ದ ಬಡವರಿಗೆ. ಗಲಭೆಕೋರರ ಅಪರಾಧವನ್ನು ಇದು ಕಿಂಚಿತ್ತೂ ಕಡಿಮೆ ಮಾಡುವುದಿಲ್ಲ. ಆದರೆ ನಮ್ಮ ಮನೆಯ ಹುಡುಗನಿಗೆ ಟಿಪ್ಪುವಿನ ಚಿತ್ರ ಗೊತ್ತು, ಚರಿತ್ರೆ ಗೊತ್ತಿಲ್ಲ ಎಂಬುದು ನಮ್ಮದೇ ಕೊರತೆ. ಚರಿತ್ರೆ ಓದಿದವನು ಟಿಪ್ಪು ಗೆದ್ದ ಯುದ್ಧಗಳನ್ನೂ ಅರಿಯುತ್ತಾನೆ, ನರಗುಂದವನ್ನು ಬಿಟ್ಟುಕೊಟ್ಟ ಒಪ್ಪಂದವನ್ನೂ ಅರಿಯುತ್ತಾನೆ. ಹಾಗೆ ಅರಿತವನನ್ನು ಕೆರಳಿಸುವುದು ಸುಲಭವಲ್ಲ.

ನಮ್ಮ ಮೂರು ಊರುಗಳಲ್ಲಿ ಪ್ರಶ್ನೆಗಳಿಗೇನೂ ಬರವಿಲ್ಲ. 1858ರಲ್ಲಿ ನರಗುಂದದ ಬಾಬಾಸಾಹೇಬರು ಬ್ರಿಟಿಷರ ವಿರುದ್ಧ ಏಕೆ ಬಂಡೆದ್ದರು? ದತ್ತಕದ ಹಕ್ಕಿಗೂ ಆ ಬಂಡಾಯಕ್ಕೂ ಏನು ಸಂಬಂಧ? 1980ರ ಜುಲೈಯಲ್ಲಿ ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ನರಗುಂದ-ನವಲಗುಂದದ ರೈತರು ಎದ್ದು ನಿಂತು ಗುಂಡೇಟು ತಿಂದ ಘಟನೆ ರಾಜ್ಯದ ರಾಜಕೀಯವನ್ನು ಹೇಗೆ ಬದಲಿಸಿತು? 2018ರ ಆಗಸ್ಟ್‌ನಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ ಹಂಚಿದ 13.42 ಟಿಎಂಸಿ ನೀರಿನಲ್ಲಿ ಮಲಪ್ರಭೆಗೆ ತಿರುಗಿಸಲು ಸಿಕ್ಕದ್ದು ಎಷ್ಟು? ಕರ್ನಾಟಕ ಏಕೀಕರಣಕ್ಕಾಗಿ ರೋಣ ತಾಲ್ಲೂಕಿನ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಮಾಡಿದ್ದೇನು? ಗಜೇಂದ್ರಗಡದ ಮಗ್ಗಗಳಲ್ಲಿ ನೇಯುವವನ ಕೈಗೆ ಒಂದು ಸೀರೆಗೆ ಸಿಗುವುದೆಷ್ಟು, ಅಂಗಡಿಯಲ್ಲಿ ಅದರ ಬೆಲೆ ಎಷ್ಟು? ದಿನಕ್ಕೆ ಇಂಥದ್ದೊಂದು ಪ್ರಶ್ನೆ. ಐವತ್ತು ಪದಗಳ ಒಂದು ಉತ್ತರ, ಅದರ ಕೊನೆಗೆ ಯಾವ ಪುಸ್ತಕದ ಯಾವ ಪುಟದಿಂದ ಅಥವಾ ಯಾರ ಬಾಯಿಂದ ತಿಳಿದದ್ದು ಎಂಬ ಸನದ್. ಮೂರು ವರ್ಷಗಳ ಪದವಿಯಲ್ಲಿ ಹೀಗೆ ಮುನ್ನೂರು ಉತ್ತರ ಬರೆದ ವಿದ್ಯಾರ್ಥಿ ಪರೀಕ್ಷೆಗೆ ಗೈಡ್ ಹುಡುಕಿಕೊಂಡು ಅಲೆಯಬೇಕಾಗುವುದಿಲ್ಲ.

ಭಾಷೆಯ ವಿಷಯವನ್ನೂ ಇಲ್ಲಿ ಹೇಳಬೇಕು. ನಮ್ಮ ಮನೆಗಳಲ್ಲಿ ಆಡುವುದು ದಖ್ಖನಿ, ಕೆಲವರು ಓದಿದ್ದು ಉರ್ದು ಶಾಲೆಯಲ್ಲಿ, ಪೇಟೆಯ ವ್ಯವಹಾರ ಕನ್ನಡದಲ್ಲಿ, ಕಾಲೇಜಿನ ಪಠ್ಯ ಕನ್ನಡ ಅಥವಾ ಇಂಗ್ಲಿಷಿನಲ್ಲಿ. ಹೀಗಾಗಿ ನಾಲ್ಕು ಭಾಷೆ ಬಲ್ಲ ನಮ್ಮ ವಿದ್ಯಾರ್ಥಿ ಯಾವ ಭಾಷೆಯಲ್ಲಿಯೂ ಒಂದು ಪುಟ ತಪ್ಪಿಲ್ಲದೆ ಬರೆಯಲು ಹಿಂಜರಿಯುತ್ತಾನೆ. ಮೊಬೈಲಿನಲ್ಲಂತೂ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು ಮುಗಿಸುತ್ತಾನೆ. ಹಳೆಯ 140 ಅಕ್ಷರಗಳ ಮಿತಿ ಕನ್ನಡಕ್ಕೆ ಬಿಗಿಯಾಗಿತ್ತೆಂಬುದು ನಿಜ. ‘ಶಾಸ್ತ್ರ’ ಎಂಬ ಪದ ಕಣ್ಣಿಗೆ ಎರಡೇ ಅಕ್ಷರ. ಕಾಗುಣಿತ, ಒತ್ತುಗಳನ್ನು ಬೇರೆ ಬೇರೆಯಾಗಿ ಎಣಿಸುವ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಏಳು. ಈಗ ಆ ತೊಡಕಿಲ್ಲ. ಮೊಬೈಲುಗಳಲ್ಲಿ ಕನ್ನಡ ಕೀಲಿಮಣೆ ಸಿಗುತ್ತದೆ. ಒಂದು ಪುಟಕ್ಕೆ ಹೆದರುವವನು ಐದು ಸಾಲಿಗೆ ಹೆದರುವುದಿಲ್ಲ. ಐದು ಸಾಲು ತಪ್ಪಿಲ್ಲದೆ ಬಂದ ದಿನ ಪುಟದ ಹೆದರಿಕೆಯೂ ಹೋಗುತ್ತದೆ. ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತ ಬಾನು ಮುಷ್ತಾಕ್ ಅವರ ಕಥೆಗಳಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದುದನ್ನು ನಮ್ಮ ಹೆಣ್ಣುಮಕ್ಕಳಿಗೆ ಈ ಸಂದರ್ಭದಲ್ಲಿ ನೆನಪಿಸಬೇಕು.

ಹೆಣ್ಣುಮಕ್ಕಳ ಮಾತು ಬಂದಾಗ ತಂದೆ-ತಾಯಿಯರ ಮುಖದಲ್ಲಿ ಆತಂಕ ಮೂಡುವುದನ್ನು ನಾವು ಬಲ್ಲೆವು. ಆ ಆತಂಕ ಆಧಾರರಹಿತವಲ್ಲ. 2021ರ ಜುಲೈಯಲ್ಲಿ ‘ಸುಲ್ಲಿ ಡೀಲ್ಸ್’, 2022ರ ಜನವರಿಯಲ್ಲಿ ‘ಬುಲ್ಲಿ ಬಾಯಿ’ ಎಂಬ ಹೆಸರಿನಲ್ಲಿ ಮುಸ್ಲಿಮ್ ಮಹಿಳೆಯರ ಭಾವಚಿತ್ರಗಳನ್ನು ಅವರ ಜಾಲತಾಣದ ಖಾತೆಗಳಿಂದ ಕದ್ದು ಹರಾಜಿಗಿಟ್ಟಂತೆ ತೋರಿಸಲಾಯಿತು. ಎರಡನೆಯ ಪ್ರಕರಣದಲ್ಲಿ ಬಂಧಿತರಾದ ಆರೋಪಿಗಳಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳಿದ್ದರು. ಒಬ್ಬ ನಮ್ಮ ಬೆಂಗಳೂರಿನಲ್ಲಿಯೇ ಓದುತ್ತಿದ್ದವನು. ಅದೇ ವರ್ಷದ ಫೆಬ್ರವರಿಯಲ್ಲಿ ಹಿಜಾಬಿನ ಹೆಸರಿನಲ್ಲಿ ನಮ್ಮ ಹುಡುಗಿಯರು ಕಾಲೇಜಿನ ಬಾಗಿಲಲ್ಲಿ ನಿಲ್ಲಬೇಕಾಯಿತು, ಅವರ ಕಣ್ಣೀರೂ ಪ್ರತಿರೋಧವೂ ದೇಶದ ಮೊಬೈಲುಗಳಲ್ಲೆಲ್ಲ ಓಡಾಡಿದವು. ಗಂಡುಮಕ್ಕಳ ವಿಷಯದಲ್ಲಿ ಇನ್ನೊಂದು ಹೆದರಿಕೆ: ಒಂದು ಸ್ಟೇಟಸ್, ಒಂದು ಪ್ರಕರಣ, ಭವಿಷ್ಯವೇ ಮಣ್ಣುಪಾಲು. ಆನ್‌ಲೈನ್ ಬರಹಗಳಿಗಾಗಿ ಜನರನ್ನು ಬಂಧಿಸಲು ಬಳಕೆಯಾಗುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲಿ ರದ್ದುಪಡಿಸಿತು. ಆ ಬಳಿಕವೂ ಪೊಲೀಸರು ಅದೇ ಕಲಮಿನಡಿ ಪ್ರಕರಣ ದಾಖಲಿಸುತ್ತಿದ್ದುದನ್ನು ಕಂಡು 2021ರಲ್ಲಿ ಆ ನ್ಯಾಯಾಲಯವೇ ಆಘಾತ ವ್ಯಕ್ತಪಡಿಸಿತು. ಬೇರೆ ಕಲಮುಗಳು ಹೇಗೂ ಇದ್ದೇ ಇವೆ.

ಆದರೆ ಈ ಆತಂಕಕ್ಕೆ ನಾವು ಕಂಡುಕೊಂಡಿರುವ ಪರಿಹಾರವೇನು? ಮಗನ ಕೈಯಲ್ಲಿ ಮೊಬೈಲು ಇರುತ್ತದೆ, ಅವನು ಏನು ನೋಡುತ್ತಾನೆಂದು ಕೇಳುವವರಿಲ್ಲ. ಮಗಳ ಕೈಯಿಂದ ಮೊಬೈಲು ಕಸಿಯಲಾಗುತ್ತದೆ, ಅವಳು ಏನು ಓದಬೇಕಿತ್ತೆಂದು ಕೇಳುವವರಿಲ್ಲ. ಇದು ಸಂರಕ್ಷಣೆಯಲ್ಲ, ಅನ್ಯಾಯ. 2023ರ ಜೂನ್‌ನಲ್ಲಿ ಆರಂಭವಾದ ‘ಶಕ್ತಿ’ ಯೋಜನೆಯಿಂದ ನಮ್ಮ ಹೆಣ್ಣುಮಕ್ಕಳು ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲದೆ ಕಾಲೇಜಿಗೆ ಹೋಗಬಹುದಾಗಿದೆ. ಬಸ್ಸು ಅವರನ್ನು ತರಗತಿಯ ಬಾಗಿಲಿನ ತನಕ ಒಯ್ಯುತ್ತದೆ. ತರಗತಿಯೊಳಗೆ ಕೈ ಎತ್ತಿ ಪ್ರಶ್ನೆ ಕೇಳುವ ಧೈರ್ಯವನ್ನು ಯಾವ ಬಸ್ಸೂ ತಂದುಕೊಡಲಾರದು. ಅರವತ್ತು ಜನರ ನಡುವೆ ನಾಚಿ ಸುಮ್ಮನೆ ಕುಳಿತ ಹುಡುಗಿ ಸಂಜೆ ಮನೆಯಲ್ಲಿ ಕುಳಿತು ತನ್ನ ಸಂದೇಹವನ್ನು ಎರಡು ಸಾಲಿನಲ್ಲಿ ಬರೆದು ಕಳಿಸಿದರೆ, ಅದಕ್ಕೆ ಗುರುಗಳ ಉತ್ತರ ಬಂದರೆ, ಅವಳಿಗೆ ಅದೇ ಎರಡನೆಯ ತರಗತಿ. ಕಿರುಬರಹದ ನಿಜವಾದ ಲಾಭ ಇರುವುದು ಇಂತಹ ಮೌನಿಗಳಿಗೇ.

ಅದಕ್ಕೆ ಅವಳ ಭಾವಚಿತ್ರ ಬೇಕಿಲ್ಲ, ಊರಿಗೆಲ್ಲ ತೆರೆದ ಖಾತೆಯೂ ಬೇಕಿಲ್ಲ. ಒಂದು ತರಗತಿಗೆ ಸೀಮಿತವಾದ ಮುಚ್ಚಿದ ಗುಂಪು ಸಾಕು. ವಾಟ್ಸಾಪ್ ಗುಂಪಿನಲ್ಲಿ ಎಲ್ಲರ ಮೊಬೈಲ್ ನಂಬರು ಎಲ್ಲರಿಗೂ ಕಾಣುತ್ತದೆಂಬ ಅಂಜಿಕೆ ಇದ್ದರೆ ನಂಬರು ಮರೆಮಾಡಬಹುದಾದ ಟೆಲಿಗ್ರಾಂ ಇದೆ, ನಂಬರನ್ನೇ ಕೇಳದ ಗೂಗಲ್ ಕ್ಲಾಸ್‌ರೂಮ್ ಇದೆ. ಹೆಸರಿನ ಬದಲು ರೋಲ್ ನಂಬರಿನಲ್ಲಿ ಬರೆಯಲು ಬಿಡಬಹುದು. ಗುಂಪಿನ ಹೊಣೆ ಒಬ್ಬ ಉಪನ್ಯಾಸಕರದ್ದೂ ಒಬ್ಬ ಉಪನ್ಯಾಸಕಿಯದ್ದೂ ಆಗಿರಲಿ. ಪಾಠಕ್ಕೆ ಸಂಬಂಧಿಸದ ಒಂದು ಸಾಲಿಗೂ ಅಲ್ಲಿ ಪ್ರವೇಶವಿರಕೂಡದು.

ಇಲ್ಲಿ ಸರ್ಕಾರಗಳಿಗೆ ಹೇಳಬೇಕಾದ ಮಾತೂ ಇದೆ. 2019ರ ಜುಲೈಯಲ್ಲಿ ಕೇಂದ್ರದ ಅಂದಿನ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಪತ್ರ ಬರೆದು, ಪ್ರತಿ ಸಂಸ್ಥೆಯಲ್ಲಿ ಒಬ್ಬ ‘ಸೋಷಿಯಲ್ ಮೀಡಿಯಾ ಚಾಂಪಿಯನ್’ ಇರಬೇಕು, ವಿದ್ಯಾರ್ಥಿಗಳ ಟ್ವಿಟರ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಖಾತೆಗಳನ್ನು ಸಂಸ್ಥೆಯ ಮತ್ತು ಸಚಿವಾಲಯದ ಖಾತೆಗಳೊಡನೆ ಜೋಡಿಸಬೇಕು, ವಾರಕ್ಕೊಂದಾದರೂ ಒಳ್ಳೆಯ ಸುದ್ದಿ ಪ್ರಕಟಿಸಬೇಕು ಎಂದು ಸೂಚಿಸಿತು. ವಿದ್ಯಾರ್ಥಿಗಳ ಮೇಲೆ ಕಣ್ಣಿಡುವ ಪ್ರಯತ್ನವಿದೆಂದು ಆಗ ಟೀಕೆಗಳು ಬಂದವು. ಆ ಪತ್ರದಲ್ಲಿ ನಮಗೆ ಕಂಡ ಮುಖ್ಯ ದೋಷ ಬೇರೆ. ಅದರ ದೃಷ್ಟಿಯಲ್ಲಿ ವಿದ್ಯಾರ್ಥಿ ಪ್ರಚಾರ ಹಂಚುವ ಒಂದು ಕೈಯಾಗಿದ್ದ, ಕಲಿಯುವ ಒಂದು ತಲೆಯಾಗಿರಲಿಲ್ಲ. ಸರ್ಕಾರ ಫಾರ್ವರ್ಡ್ ಮಾಡಿಸಿದರೂ ಪಕ್ಷ ಫಾರ್ವರ್ಡ್ ಮಾಡಿಸಿದರೂ ಫಾರ್ವರ್ಡ್ ಎಂಬುದು ಫಾರ್ವರ್ಡೇ.

ರಾಜ್ಯ ಸರ್ಕಾರ 2021ರಲ್ಲಿ ಸರ್ಕಾರಿ ಪದವಿ, ಇಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಸುಮಾರು 1.55 ಲಕ್ಷ ಟ್ಯಾಬ್‌ಗಳನ್ನು ಹಂಚುವ ಕಾರ್ಯಕ್ರಮ ನಡೆಸಿತು. ಅದು ಒಳ್ಳೆಯದೇ. ಆದರೆ ಟ್ಯಾಬಿನ ಆ ತುದಿಯಲ್ಲಿ ಕುಳಿತು ಉತ್ತರಿಸುವವರು ಯಾರು? ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಬಹುಮಟ್ಟಿಗೆ ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಂಡು ನಡೆಯುತ್ತಿವೆ. ಸೇವಾಭದ್ರತೆ ಬೇಕೆಂದು ಅವರು 2023ರ ಕೊನೆಯಲ್ಲಿ ವಾರಗಟ್ಟಲೆ ಬೀದಿಯಲ್ಲಿ ಕುಳಿತದ್ದನ್ನು ರಾಜ್ಯ ಕಂಡಿದೆ. ನಾಳೆಯ ಕೆಲಸದ ಖಾತ್ರಿಯಿಲ್ಲದವರಿಗೆ ಸಂಜೆಯ ಒಂದು ಗಂಟೆಯನ್ನೂ ಪುಕ್ಕಟೆ ಕೊಡಿ ಎಂದು ಕೇಳುವುದು ನ್ಯಾಯವಲ್ಲ. ವಿದ್ಯಾರ್ಥಿಗಳ ಕಿರುಬರಹಗಳನ್ನು ಓದಿ ಉತ್ತರಿಸುವ ಸಮಯವನ್ನು ಉಪನ್ಯಾಸಕರ ಕಾರ್ಯಭಾರದಲ್ಲಿ ಸೇರಿಸಬೇಕು, ಆ ಬರಹಗಳಿಗೆ ಆಂತರಿಕ ಮೌಲ್ಯಮಾಪನದಲ್ಲಿ ಕೆಲವು ಅಂಕಗಳನ್ನು ಮೀಸಲಿಡಬೇಕು. ಈ ಊರುಗಳ ಕಾಲೇಜುಗಳು ಸೇರಿರುವ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಈ ಬಗ್ಗೆ ಯೋಚಿಸಲಿ ಎಂದು ನಾವು ಒತ್ತಾಯಿಸುತ್ತೇವೆ.

ಸಮುದಾಯವಾಗಿ ನಾವು ಸರ್ಕಾರದ ಆದೇಶಕ್ಕಾಗಿ ಕಾದು ಕುಳಿತುಕೊಳ್ಳಬೇಕಾಗಿಲ್ಲ, ಕಾಯುವಷ್ಟು ಸಮಯವೂ ನಮ್ಮಲ್ಲಿಲ್ಲ. ಇಪ್ಪತ್ತು ವರ್ಷ ದಾಟಿದ ಮುಸ್ಲಿಮರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಶೇ. 4ಕ್ಕಿಂತ ಕಡಿಮೆ ಎಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿತ್ತು. ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯ ಪ್ರಕಾರ 2019-20ರಲ್ಲಿ ಸುಮಾರು 21 ಲಕ್ಷವಿದ್ದ ಮುಸ್ಲಿಮ್ ವಿದ್ಯಾರ್ಥಿಗಳ ಸಂಖ್ಯೆ ಕೋವಿಡ್ ವರ್ಷವಾದ 2020-21ರಲ್ಲಿ 19.21 ಲಕ್ಷಕ್ಕೆ ಇಳಿಯಿತು. 2021-22ರಲ್ಲಿ ಅದು ಮತ್ತೆ 21.08 ಲಕ್ಷಕ್ಕೆ ಏರಿತು. ಆ ವರ್ಷ ದೇಶದ ಒಟ್ಟು ವಿದ್ಯಾರ್ಥಿಗಳು 4.33 ಕೋಟಿ, ನೂರಕ್ಕೆ ಐವರು ಕೂಡ ನಮ್ಮವರಲ್ಲ. 2011ರ ಜನಗಣತಿಯಲ್ಲಿ ನಮ್ಮ ಪಾಲು ಶೇ. 14.2. ಕಾಲೇಜಿನ ಮೆಟ್ಟಿಲು ಹತ್ತಿದವರೇ ಇಷ್ಟು ಕಡಿಮೆ ಇರುವಾಗ, ಹತ್ತಿದವರೂ ಕಲಿಕೆಯಲ್ಲಿ ಮನಸ್ಸಿಡದೆ ಅರ್ಧದಲ್ಲಿ ಇಳಿದುಬಂದರೆ ಉಳಿಯುವುದೇನು?

ಆದ್ದರಿಂದ ಈ ಮೂರು ಊರುಗಳ ಅಂಜುಮನ್‌ಗಳು ಮತ್ತು ಮಸೀದಿ ಕಮಿಟಿಗಳ ಮುಂದೆ ನಾವು ಒಂದು ಸರಳ ಸಲಹೆ ಇಡುತ್ತೇವೆ. ನಿಮ್ಮ ಊರಿನಲ್ಲಿ ಪದವಿ ಓದುತ್ತಿರುವ ಮಕ್ಕಳ ಒಂದು ಪಟ್ಟಿ ಮಾಡಿರಿ. ಊರಿನಲ್ಲಿರುವ ಶಿಕ್ಷಕರು, ನಿವೃತ್ತ ಮೇಷ್ಟ್ರುಗಳು, ಸ್ನಾತಕೋತ್ತರ ಪದವಿ ಮುಗಿಸಿ ಕುಳಿತ ಯುವಕ-ಯುವತಿಯರಲ್ಲಿ ನಾಲ್ವರನ್ನು ಒಪ್ಪಿಸಿರಿ. ಅವರು ಮುಸ್ಲಿಮರೇ ಆಗಿರಬೇಕೆಂದಿಲ್ಲ, ಗುಂಪು ಮುಸ್ಲಿಮ್ ಮಕ್ಕಳಿಗೇ ಮೀಸಲಾಗಬೇಕೆಂದೂ ಇಲ್ಲ. ನೆರೆಮನೆಯ ಲಿಂಗಾಯತರ, ಕುರುಬರ, ದಲಿತರ ಮಕ್ಕಳು ಅದೇ ಗುಂಪಿನಲ್ಲಿ ಕಲಿತರೆ ನಾಳೆ ಒಂದು ವದಂತಿ ಊರಿಗೆ ಬಂದಾಗ ಇವರು ಒಬ್ಬರನ್ನೊಬ್ಬರು ಕೇಳಿ ನಿಜ ತಿಳಿದುಕೊಳ್ಳುತ್ತಾರೆ. ಮಗ್ರಿಬ್ ನಮಾಝಿನ ಬಳಿಕ ಒಂದು ಪ್ರಶ್ನೆ ಗುಂಪಿಗೆ ಹೋಗಲಿ, ಮರುದಿನ ಸಂಜೆಯೊಳಗೆ ಸ್ವಂತ ಮಾತಿನ ಉತ್ತರ ಬರಲಿ. ನಕಲು ಮಾಡಿದ್ದು, ಯಂತ್ರದಿಂದ ಬರೆಸಿದ್ದು ಬೇಡ. ತಪ್ಪಿದ್ದರೂ ಸರಿ, ತನ್ನದೇ ಇರಲಿ. ಬಂದ ಉತ್ತರಗಳಲ್ಲಿ ಮೂರನ್ನು ಆಯ್ದು ತಿದ್ದಿ, ಏಕೆ ತಿದ್ದಿದೆವೆಂದು ಹೇಳಲಿ. ವಾರಕ್ಕೊಮ್ಮೆ ಎಲ್ಲರೂ ಮುಖಾಮುಖಿ ಕುಳಿತು ಆ ವಾರದ ಪ್ರಶ್ನೆಗಳ ತಕ್ರಾರ್ ನಡೆಸಲಿ.

ಮೊಬೈಲಿಲ್ಲದ ಮಗು ಇದರಿಂದ ಹೊರಗುಳಿಯಬಾರದು. ಪ್ರಶ್ನೆಯನ್ನು ಒಂದು ಕರಿಹಲಗೆಯ ಮೇಲೂ ಬರೆಯಿರಿ, ಉತ್ತರವನ್ನು ಚೀಟಿಯಲ್ಲಿಯೂ ಪಡೆಯಿರಿ. ಇನ್ನು, ಬರೆದ ಪ್ರತಿಯೊಂದು ಉತ್ತರವನ್ನೂ ವಿದ್ಯಾರ್ಥಿ ಒಂದು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಲಿ. ‘ಕೂ’ ಮುಚ್ಚಿದ ಕಥೆ ನಮಗೆ ಹೇಳುವುದು ಇದನ್ನೇ: ಕಂಪೆನಿಗಳ ವೇದಿಕೆ ಬಾಡಿಗೆ ಮನೆ, ಒಡೆಯ ಯಾವಾಗ ಬೇಕಾದರೂ ಬೀಗ ಹಾಕಬಹುದು. ನೋಟ್‌ಬುಕ್ಕು ಸ್ವಂತ ಮನೆ.

ತಂದೆ-ತಾಯಿಯರಲ್ಲಿ ನಮ್ಮ ವಿನಂತಿ ಇನ್ನೂ ಚಿಕ್ಕದು. ಇಂದು ರಾತ್ರಿ ಊಟವಾದ ಮೇಲೆ ಮಗನನ್ನೂ ಮಗಳನ್ನೂ ಹತ್ತಿರ ಕೂರಿಸಿಕೊಂಡು, ಮೊಬೈಲಿನಲ್ಲಿ ಇಂದು ಏನು ಓದಿದೆ, ಅದನ್ನು ಬರೆದವರು ಯಾರು, ನಿಜವೆಂದು ನಿನಗೆ ಹೇಗೆ ಗೊತ್ತು ಎಂಬ ಮೂರು ಪ್ರಶ್ನೆ ಕೇಳಿರಿ. ಕೇಳಲು ನೀವು ಪದವೀಧರರಾಗಿರಬೇಕಿಲ್ಲ. ಮೂರನೆಯ ಪ್ರಶ್ನೆಗೆ ಉತ್ತರ ಬಾರದಿದ್ದರೆ ಬೈಯಬೇಡಿರಿ, ಹುಡುಕಿ ನಾಳೆ ಹೇಳು ಎನ್ನಿರಿ. ನಾಳೆ ಮರೆಯದೆ ಕೇಳಿರಿ.